ಅಲಾಸ್ಕಾ ಹೆದ್ದಾರಿಯಲ್ಲಿ ಡೀಸೆಲ್ ಹೆಪ್ಪುಗಟ್ಟಿದ ಬೆಳಗು

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಡಾಸನ್ ಕ್ರೀಕ್ ಎಂಬ ಚಿಕ್ಕ ಪಟ್ಟಣವಿದೆ. ಅದರ ನಡುಬೀದಿಯಲ್ಲಿ ನೆಟ್ಟಿರುವ ಬಿಳಿಯ ಕಂಬವೊಂದು ಅಲಾಸ್ಕಾ ಹೆದ್ದಾರಿಯ ಸೊನ್ನೆ ಮೈಲಿಯನ್ನು ಸೂಚಿಸುತ್ತದೆ. ಇಲ್ಲಿಂದ ಹೊರಟ ದಾರಿ ಯೂಕಾನ್ ಪ್ರದೇಶವನ್ನು ಹಾದು, ಅಮೆರಿಕೆಗೆ ಸೇರಿದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ನಲ್ಲಿ ಮುಗಿಯುವ ಹೊತ್ತಿಗೆ ಸುಮಾರು 2,200 ಕಿ.ಮೀ. ಕಳೆದಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ದಾಳಿಗೆ ಅಂಜಿ ಅಮೆರಿಕದ ಸೈನ್ಯ 1942ರ ಮಾರ್ಚಿಯಲ್ಲಿ ಕಾಡು ಕಡಿಯಲು ತೊಡಗಿತು; ಅಕ್ಟೋಬರ್ ಮುಗಿಯುವುದರೊಳಗೆ ದಾರಿಯ ಎರಡು ತುದಿಗಳೂ ಕೂಡಿಕೊಂಡವು. ದುಡಿದ ಹತ್ತು ಸಾವಿರಕ್ಕೂ ಮಿಕ್ಕಿದ ಸೈನಿಕರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ಕಪ್ಪು ಜನಾಂಗದವರು. ಅವರ ಶ್ರಮವನ್ನು ಇತಿಹಾಸ ಬಹುಕಾಲ ನೆನೆಯಲಿಲ್ಲ.

ಈ ದಾರಿಯಲ್ಲಿ ನಾವು ಪಯಣಿಸಿದ್ದು 2019ರ ಅಕ್ಟೋಬರ್ ಮೊದಲ ವಾರದಲ್ಲಿ. ಮಗಳು ಮತ್ತು ಅಳಿಯಂದಿರು ಎಡ್ಮಂಟನ್ ನಗರದಲ್ಲಿ ನೆಲೆಸಿದವರು. ಅಳಿಯಂದಿರು 2004ರಲ್ಲಿ ತಯಾರಾದ ಡೀಸೆಲ್ ಮೋಟಾರ್‌ಹೋಮ್ ಒಂದನ್ನು ಕೈಬದಲಿಯಾಗಿ ಕೊಂಡಿದ್ದರು. ನಮ್ಮ ಕಡೆಯ ಬಸ್ಸಿನಷ್ಟು ಉದ್ದದ ವಾಹನ. ಒಳಗೆ ಒಲೆ, ಹಾಸಿಗೆ, ಸ್ನಾನದ ಮನೆ ಎಲ್ಲವೂ ಉಂಟು. ನನ್ನ ಪತ್ನಿ ಮೊದಲ ದಿನವೇ ಅದರೊಳಗೆ ರೊಟ್ಟಿ ಬಡಿದು, ಇದು ಮನೆಯೇ ಹೌದೆಂದು ಒಪ್ಪಿಕೊಂಡಳು. ಎರಡೂವರೆ ವರ್ಷದ ಮೊಮ್ಮಗನೂ ಜೊತೆಗಿದ್ದ.

ಹೊರಡುವ ಮುನ್ನ ಅಳಿಯಂದಿರು ಆರು ಸೀಸೆಗಳನ್ನು ಒಳಗಿಟ್ಟುಕೊಂಡರು. ಎಂಜಿನ್ನಿಗೆ ಇವೆಲ್ಲ ಏಕೆಂದು ಕೇಳಿದೆ. "ಡೀಸೆಲ್‌ಗೆ ಬೆರೆಸುವ ಔಷಧ, ಮಾವನವರೆ. ಚಳಿಯ ದಾರಿ, ಜೊತೆಗೆ ಕೂಸಿದೆ" ಎಂದರು. ಇಂಥ ದ್ರವಗಳನ್ನು ಅಲ್ಲಿ ಅಡಿಟಿವ್ ಎನ್ನುತ್ತಾರೆ. ಅಂಗಡಿಯ ಒಂದು ಸಾಲಿಡೀ ಇವೇ ತುಂಬಿರುತ್ತವೆ. ಕೆಲವು ಸೀಸೆಗಳ ಮೇಲಿನ ಮಾತು ಓದಿದರೆ ಸಂತೆಯಲ್ಲಿ ಸರ್ವರೋಗಕ್ಕೂ ಒಂದೇ ಮದ್ದು ಮಾರುವವನ ನೆನಪಾಗುತ್ತದೆ: ಶಕ್ತಿ ಹೆಚ್ಚುತ್ತದೆ, ಇಂಧನ ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಆದರೆ ಎಲ್ಲವೂ ಪೊಳ್ಳಲ್ಲ. ಯಾವುದು ಏಕೆ ಎಂಬ ವಿವೇಚನೆ ಬೇಕು, ಅಷ್ಟೆ.

ಮೊದಲು ಸವೆತದ ಮಾತು. ಡೀಸೆಲ್ ಬರಿಯ ಇಂಧನವಲ್ಲ. ಎಂಜಿನ್ನಿನ ಒತ್ತಡದ ಪಂಪಿಗೂ ಇಂಜೆಕ್ಟರಿಗೂ ಅದೇ ಜಿಡ್ಡು, ಅದೇ ಕೀಲೆಣ್ಣೆ. ನಮ್ಮ ವಾಹನದ 5.9 ಲೀಟರಿನ ಕಮಿನ್ಸ್ ಎಂಜಿನ್ನಿನಲ್ಲಿ ಈ ಒತ್ತಡ 1,600 ಬಾರ್‌ವರೆಗೆ ಏರುತ್ತದೆ. 2006ರಲ್ಲಿ ಅಮೆರಿಕ, ಕೆನಡಾಗಳು ಹೆದ್ದಾರಿಯ ಡೀಸೆಲ್‌ನಲ್ಲಿ ಗಂಧಕದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 15 ಭಾಗದ ಮಿತಿಗೆ ಇಳಿಸಿದವು. ಗಾಳಿಗೆ ಇದರಿಂದ ಮಹದುಪಕಾರವಾಯಿತು. ಆದರೆ ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜವಾದ ಜಿಡ್ಡೂ ಕಳೆದುಹೋಗುತ್ತದೆ. ಅದಕ್ಕೆಂದೇ ಜಿಡ್ಡು ಕೊಡುವ ಪದಾರ್ಥವನ್ನು ತೈಲ ಕಂಪನಿಗಳೇ ಬೆರೆಸಿ ಮಾರುತ್ತವೆ. ಅಮೆರಿಕದ ನಿಯಮದಲ್ಲಿ ಪರೀಕ್ಷೆಯ ಗುಂಡಿನ ಮೇಲೆ ಬೀಳುವ ಸವೆತದ ಗುರುತು 520 ಮೈಕ್ರಾನ್ ಮೀರಬಾರದು. ಯೂರೋಪಿನಲ್ಲಿಯೂ ನಮ್ಮ ಬಿ.ಎಸ್. 6 ಡೀಸೆಲ್‌ನಲ್ಲಿಯೂ ಮಿತಿ ಇನ್ನೂ ಬಿಗಿ, 460. ಗಂಧಕವನ್ನು ಇಳಿಸುವುದಕ್ಕೆ ಮುಂಚಿನ ಎಂಜಿನ್ನು ತಮ್ಮದೆಂಬ ಕಾರಣಕ್ಕೆ ಅಳಿಯಂದಿರು ಇನ್ನಷ್ಟು ಜಿಡ್ಡು ಸೇರಿಸುತ್ತಿದ್ದರು. ಒಳ್ಳೆಯ ಬಂಕಿನ ಡೀಸೆಲ್‌ಗೆ ಅದು ಬೇಕೇ ಬೇಕೆಂದು ನನಗೆ ಅನಿಸಲಿಲ್ಲ. ಸಸ್ಯತೈಲದಿಂದ ಮಾಡಿದ ಜೈವಿಕ ಡೀಸೆಲ್ ನೂರಕ್ಕೆ ಎರಡು ಪಾಲು ಇದ್ದರೂ ಈ ಕೊರತೆ ನೀಗುತ್ತದೆ.

ಚಳಿಯ ಮಾತೇ ಬೇರೆ. ಪುಷ್ಯ ಮಾಸದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಡದ ಮನೆ ನಮ್ಮಲ್ಲಿ ಯಾವುದಿದೆ? ಡೀಸೆಲ್‌ನೊಳಗೂ ಮೇಣವಿದೆ. ಚಳಿ ಏರಿದಂತೆ ಅದು ಹರಳುಗಟ್ಟಿ ಎಣ್ಣೆ ಮೊದಲು ಮಬ್ಬಾಗುತ್ತದೆ. ಬಳಿಕ ಆ ಹರಳುಗಳು ಫಿಲ್ಟರಿನ ಮೇಲೆ ಲೇಪದಂತೆ ಕುಳಿತು ದಾರಿ ಮುಚ್ಚುತ್ತವೆ. ಬೇಸಗೆಗೆಂದು ತಯಾರಾದ ಡೀಸೆಲ್ ಕೆಲವೊಮ್ಮೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಮಬ್ಬಾಗುವುದುಂಟು. ಕೆನಡಾದ ಕಂಪನಿಗಳು ಆಯಾ ಪ್ರದೇಶಕ್ಕೂ ಪಕ್ಷಕ್ಕೂ ತಕ್ಕಂತೆ ಡೀಸೆಲ್‌ನ ಹದವನ್ನು ಬದಲಿಸುತ್ತವೆ. ಲಾರಿಯವರಿಗೆ ಇದರಿಂದ ತೊಂದರೆ ಕಡಿಮೆ. ಅವರು ದಿನದಿನವೂ ತುಂಬಿಸಿ ದಿನದಿನವೂ ಉರಿಸುತ್ತಾರೆ. ಮೋಟಾರ್‌ಹೋಮಿನ ಕಷ್ಟ ಅದರ ದೊಡ್ಡ ಹೊಟ್ಟೆಯಲ್ಲಿದೆ. ನಮ್ಮ ಟ್ಯಾಂಕಿಗೆ 380 ಲೀಟರ್ ಹಿಡಿಯುತ್ತಿತ್ತು. ಒಮ್ಮೆ ತುಂಬಿದರೆ 1,300 ಕಿ.ಮೀ. ಓಟ. ತೆಂಕಣದ ಬೆಚ್ಚನೆಯ ಊರಿನ ಎಣ್ಣೆಯನ್ನು ಹೊತ್ತುಕೊಂಡೇ ಬಡಗಣದ ಚಳಿಯೊಳಗೆ ನುಗ್ಗಿಬಿಡುತ್ತದೆ. ಎಂಜಿನ್ನು ಮಾತ್ರವಲ್ಲ, ವಿದ್ಯುತ್ತಿನ ಜನರೇಟರೂ ಅದೇ ಟ್ಯಾಂಕಿನಿಂದ ಕುಡಿಯುವುದು. ಅದು ನಿಂತರೆ ಬ್ಯಾಟರಿ ಇಳಿಯುತ್ತದೆ, ಬ್ಯಾಟರಿ ಇಳಿದರೆ ಬಿಸಿಗಾಳಿಯ ಪಂಖವೂ ನಿಲ್ಲುತ್ತದೆ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ವರೆಗಿನ ಐನೂರಕ್ಕೂ ಹೆಚ್ಚು ಕಿ.ಮೀ. ದಾರಿಯ ಬಹುಭಾಗದಲ್ಲಿ ದೂರವಾಣಿಯ ಸಂಪರ್ಕವೇ ಸಿಗದು.

ಆ ದಾರಿ ಕಣ್ಣಿಗೆ ಹಬ್ಬ. 1,295 ಮೀಟರ್ ಎತ್ತರದ ಸಮ್ಮಿಟ್ ಲೇಕ್ ಕಣಿವೆ ಈ ಹೆದ್ದಾರಿಯ ನೆತ್ತಿ. ಅದನ್ನಿಳಿದರೆ ಪಚ್ಚೆಯ ಬಣ್ಣದ ಮಂಚೊ ಸರೋವರ. ಮುಂದೆ ಡಾಸನ್ ಕ್ರೀಕ್‌ನಿಂದ 750 ಕಿ.ಮೀ.ಗೂ ಮಿಗಿಲಾದ ದೂರದಲ್ಲಿ ಲಿಯಾರ್ಡ್ ಬಿಸಿನೀರಿನ ಬುಗ್ಗೆಗಳು. ಜವುಗಿನ ಮೇಲೆ ಹಾಸಿದ ಹಲಗೆಯ ಹಾದಿಯಲ್ಲಿ ನಡೆದು ಹೋದರೆ ಹಬೆಯಾಡುವ ಕೊಳ. ನೀರಿನ ಬಿಸಿ 42ರಿಂದ 52 ಡಿಗ್ರಿ. ಸುತ್ತಲಿನ ಗಿಡಗಳ ಮೇಲೆ ಹಿಮ, ನಡುವೆ ಕೊರಳವರೆಗೆ ಬಿಸಿನೀರು. ಹಿಂದಿನ ಸಂಜೆ ಅಳಿಯಂದಿರು ಒಂದು ಸೀಸೆಯನ್ನು ಟ್ಯಾಂಕಿಗೆ ಸುರಿದು, ಅದರ ಮೇಲೆಯೇ ಡೀಸೆಲ್ ತುಂಬಿಸಿಕೊಂಡು ಬಂದಿದ್ದರು.

ಆ ರಾತ್ರಿ ಚಳಿ ಸೊನ್ನೆಗಿಂತ 12 ಡಿಗ್ರಿ ಕೆಳಗಿಳಿಯಿತು. ಬೆಳಗಾದಾಗ ನಮ್ಮ ಎಂಜಿನ್ನು ಹೊತ್ತಿಕೊಂಡಿತು. ಪಕ್ಕದಲ್ಲಿ ತಂಗಿದ್ದ ವೃದ್ಧ ದಂಪತಿಗಳ ವಾಹನ ನಾಲ್ಕು ನಿಮಿಷ ಉಸಿರಾಡಿ ನಿಂತುಹೋಯಿತು. ಅವರು ಅಮೆರಿಕದ ಗಡಿಯ ದಕ್ಷಿಣದಲ್ಲಿ ತುಂಬಿಸಿಕೊಂಡ ಡೀಸೆಲ್‌ನ ಮೇಲೆಯೇ ಬಂದಿದ್ದರು. ಆ ಹಿರಿಯರು ಗಾಬರಿಯಿಂದ ಎರಡು ಪಟ್ಟು ಔಷಧವನ್ನು ಟ್ಯಾಂಕಿಗೆ ಸುರಿದರು. ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಈ ಔಷಧ ಮೇಣವನ್ನು ಕರಗಿಸುವುದಿಲ್ಲ. ಹರಳು ಮೂಡುವಾಗಲೇ ಅದಕ್ಕೆ ಅಂಟಿಕೊಂಡು ಹಿಗ್ಗದಂತೆ ತಡೆಯುತ್ತದೆ, ಕಿರಿದಾದ ಹರಳುಗಳು ಫಿಲ್ಟರನ್ನು ದಾಟಿ ಹೋಗುತ್ತವೆ. ಮಬ್ಬು ಕವಿಯುವ ಮುನ್ನ, ಎಣ್ಣೆ ಬೆಚ್ಚಗಿರುವಾಗಲೇ ಬೆರೆಸಬೇಕು. ಹಾಲು ಹೆಪ್ಪಾದ ಮೇಲೆ ಸಕ್ಕರೆ ಹಾಕಿ ಕಲಕಿದರೆ ಹಾಲಾಗುವುದೇ? ಹೆಪ್ಪುಗಟ್ಟಿದ್ದನ್ನು ಕರಗಿಸುವ ಬೇರೆ ದ್ರವಗಳೂ ಮಾರಾಟಕ್ಕಿವೆ. ಕೆಲವುಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಅವುಗಳನ್ನು ಆಪತ್ತಿಗೆ ಮಾತ್ರ ಬಳಸಬೇಕು. ಅವರ ಬಳಿ ಅದಿರಲಿಲ್ಲ.

ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಬೆಣ್ಣೆ ಸವರಿದಂತೆ ಮೇಣ. ಅದೃಷ್ಟಕ್ಕೆ ಇಬ್ಬರದೂ ಒಂದೇ ಜಾತಿಯ ಎಂಜಿನ್ನು. ಅಳಿಯಂದಿರು ತಮ್ಮ ಎರಡು ಹೊಸ ಫಿಲ್ಟರುಗಳಲ್ಲಿ ಒಂದನ್ನು ಕೊಟ್ಟರು. ಆ ತಾಯಿಗೆ ತಣ್ಣಗಾಗಿ ನಡುಕ ಹತ್ತಿತ್ತು. ಮಗಳು ಅವರನ್ನು ನಮ್ಮ ಗಾಡಿಯೊಳಗೆ ಕರೆತಂದು ಕಂಬಳಿ ಹೊದಿಸಿದಳು. ನನ್ನ ಪತ್ನಿ ಶುಂಠಿ ಚಹಾ ಕೊಟ್ಟಳು. ಮಧ್ಯಾಹ್ನದ ಬಿಸಿಲು ಟ್ಯಾಂಕಿನ ಮೇಲೆ ಬಿದ್ದು ಎಣ್ಣೆ ತಿಳಿಯಾದ ಮೇಲೆ ಅವರ ಎಂಜಿನ್ನು ನಿಂತು ಓಡತೊಡಗಿತು. ಅದುವರೆಗೂ ನಾವು ಕದಲಲಿಲ್ಲ.

ಉತ್ತರದ ಹಳಬರ ಉಪಾಯ ಇನ್ನೂ ಸರಳ: ಸೀಮೆಎಣ್ಣೆಯ ಜಾತಿಯ ಒಂದನೆಯ ನಂಬರಿನ ಡೀಸೆಲ್ ಬೆರೆಸುವುದು. ನೂರಕ್ಕೆ ಹತ್ತು ಪಾಲು ಬೆರೆಸಿದರೆ ಮಬ್ಬಾಗುವ ಮಟ್ಟ ಹೆಚ್ಚುಕಡಿಮೆ ಎರಡು ಡಿಗ್ರಿ ಇಳಿಯುತ್ತದೆ, ಜಿಡ್ಡೂ ಅಷ್ಟು ಕಡಿಮೆಯಾಗುತ್ತದೆ. ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಕದ್ದು ಲಾರಿಯ ಟ್ಯಾಂಕು ಸೇರುತ್ತಿದ್ದ ಕಾಲವನ್ನು ಕಂಡ ನನಗೆ, ನಮ್ಮಲ್ಲಿ ಕಲಬೆರಕೆಯಾದದ್ದು ಅಲ್ಲಿ ಚಿಕಿತ್ಸೆಯಾಗಿರುವುದು ಕಂಡು ನಗು ಬಂತು. ನಾವು ಊರಿಗೆ ಮರಳಿದ ಬಳಿಕ, ಅದೇ ನವೆಂಬರಿನಲ್ಲಿ, ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗೆಂದು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ಹೊರತಂದ ಸುದ್ದಿಯನ್ನು ಓದಿದೆ.

ನೀರಿನ ಕಾಟವನ್ನೂ ಹೇಳಬೇಕು. ವರ್ಷದಲ್ಲಿ ಆರೇಳು ತಿಂಗಳು ಸುಮ್ಮನೆ ನಿಲ್ಲುವ ಗಾಡಿಯ ಟ್ಯಾಂಕು ಖಾಲಿಯಿದ್ದರೆ ಒಳಗಿನ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ನೀರು ಎಣ್ಣೆ ಕೂಡುವ ಗಡಿಯಲ್ಲಿ ಬೂಷ್ಟು ಬೆಳೆಯುತ್ತದೆ. ಟ್ಯಾಂಕು ತುಂಬಿಸಿ ನಿಲ್ಲಿಸುವುದು, ಫಿಲ್ಟರಿನ ತಳದ ನೀರನ್ನು ಆಗಾಗ ಬಸಿಯುವುದು ಯಾವ ಸೀಸೆಗಿಂತಲೂ ಮೇಲು. ಬೂಷ್ಟು ಹಿಡಿದ ಮೇಲೆ ಮಾತ್ರ ಅದನ್ನು ಕೊಲ್ಲುವ ಔಷಧ ಬೇಕು.

ಯೂಕಾನಿನ ವೈಟ್‌ಹಾರ್ಸ್‌ಗೂ ಎಣ್ಣೆಯ ಕಥೆಯುಂಟು. ಯುದ್ಧಕಾಲದಲ್ಲಿ ನಾರ್ಮನ್ ವೆಲ್ಸ್ ಎಂಬಲ್ಲಿಂದ ಬೆಟ್ಟಗಳನ್ನು ದಾಟಿಸಿ 900 ಕಿ.ಮೀ.ಗೂ ಉದ್ದದ ಕೊಳವೆಯಲ್ಲಿ ಕಚ್ಚಾತೈಲ ತಂದರು. ಕಡುಚಳಿಯಲ್ಲೂ ಹರಿಯುವ ಗುಣ ಆ ತೈಲಕ್ಕಿತ್ತು; ಆದ್ದರಿಂದ ಕೊಳವೆಯನ್ನು ಹೂಳದೆ ನೆಲದ ಮೇಲೆಯೇ ಹಾಸಿದರು. 1944ರಲ್ಲಿ ಹರಿದ ತೈಲ 1945ರಲ್ಲೇ ನಿಂತಿತು. ಅಲ್ಲಿಯ ಶುದ್ಧೀಕರಣ ಘಟಕವನ್ನು ಬಿಚ್ಚಿ ಎಡ್ಮಂಟನ್ನಿಗೆ ಸಾಗಿಸಿದರೆಂದು ತಿಳಿದು ಮಗಳಿಗೆ ಸಂತೋಷವಾಯಿತು.

ವೈಟ್‌ಹಾರ್ಸ್‌ನಲ್ಲಿ ಆಗಲೇ ಚಳಿಗಾಲದ ಡೀಸೆಲ್ ಬಂದಿತ್ತು, ಟ್ಯಾಂಕು ತುಂಬಿಸಿದೆವು. ಮುಂದೆ ಕ್ಲುವಾನಿ ಸರೋವರ, ಬೀವರ್ ಕ್ರೀಕ್. ಅದರ ಸಮೀಪದ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರುವರಿ 3ರಂದು ಸೊನ್ನೆಗಿಂತ 63 ಡಿಗ್ರಿ ಕೆಳಗಿನ ಚಳಿ ದಾಖಲಾಗಿದೆ. ನಾವು ಬೀವರ್ ಕ್ರೀಕಿನಲ್ಲಿ ತಂಗಿದ ರಾತ್ರಿ ಇದ್ದದ್ದು ಬರೀ 9 ಡಿಗ್ರಿ ಕೆಳಗೆ. ಉಳಿದ ಸೀಸೆಗಳ ಮುಚ್ಚಳ ತೆಗೆಯುವ ಪ್ರಮೇಯವೇ ಬರಲಿಲ್ಲ.