ಅಳಿಸಿದ ಚುಕ್ಕಿಗಳು

ಲೆಡ್-ಆಸಿಡ್ ಬ್ಯಾಟರಿಯ ಎಲೆಕ್ಟ್ರೋಲೈಟ್ ಎಂದರೆ ನೀರು ಬೆರೆತ ಗಂಧಕಾಮ್ಲ. ಅದರ ವಾಹಕತೆ ಅಳೆಯುವುದು ನಮ್ಮ ಲ್ಯಾಬಿನ ಒಂದು ಪ್ರಯೋಗ. ಡಿ.ಸಿ. ಹರಿಸಿದರೆ ಎಲೆಕ್ಟ್ರೋಡಿನ ಮೇಲೆ ಗುಳ್ಳೆ ಕೂತು ಅಳತೆ ಕೆಡುತ್ತದೆ, ಅದಕ್ಕೇ ಎ.ಸಿ. ಬೇಕು ಎಂದು ಹೇಳಿ, ಬೇರೆ ಬೇರೆ ಸಾಂದ್ರತೆಯ ದ್ರಾವಣಗಳನ್ನು ಕೊಟ್ಟಿದ್ದೆ.

ಒಬ್ಬ ಹುಡುಗನ ಗ್ರಾಫಿನಲ್ಲಿ ಗೆರೆ ಏರುತ್ತಲೇ ಹೋಗಿತ್ತು. ಕೊನೆಯಲ್ಲಿ ರಬ್ಬರಿನಿಂದ ಉಜ್ಜಿದ ಗುರುತು. ಬೆಳಕಿಗೆ ಹಿಡಿದರೆ ಕೆಳಗಿಳಿದ ಎರಡು ಚುಕ್ಕಿ.

"ಯಾಕಪ್ಪಾ ಅಳಿಸಿದೆ?"

"ಆಸಿಡ್ ಜಾಸ್ತಿ ಆದ್ರೆ ಕರೆಂಟೂ ಜಾಸ್ತಿ ಹರೀಬೇಕಲ್ವಾ ಸಾರ್? ನಂದೇ ತಪ್ಪು ಅನ್ಕೊಂಡೆ."

ತಪ್ಪಾಗಿರಲಿಲ್ಲ. ತೂಕದಲ್ಲಿ ಶೇಕಡಾ 30ರ ಆಸುಪಾಸಿನವರೆಗೆ ಏರುವ ವಾಹಕತೆ ಆಮೇಲೆ ಇಳಿಯುತ್ತದೆ. ಸಂತೆಯಲ್ಲಿ ಜನ ಕಿಕ್ಕಿರಿದಾಗ ಹೆಜ್ಜೆ ಕೀಳುವುದೇ ಕಷ್ಟವಾಗುವಂತೆ, ಮಂದವಾದ ದ್ರಾವಣದಲ್ಲಿ ಅಯಾನುಗಳಿಗೂ ಓಡಾಟ ಕಷ್ಟ.

ಬೈಯಲು ಬಾಯಿ ಬರಲಿಲ್ಲ. ಓದುವಾಗ ನಾನೂ ಸೀನಿಯರ್ ಒಬ್ಬರ ರೆಕಾರ್ಡಿನಿಂದ 'ಸರಿಯಾದ' ಅಂಕಿ ಇಳಿಸಿಕೊಂಡು ಪೂರ್ತಿ ಮಾರ್ಕ್ಸ್ ಪಡೆದವನೇ. ಅಂದಿನ ನನ್ನ ಅಳತೆ ಏನು ಹೇಳಲು ಹೊರಟಿತ್ತೋ, ಇವತ್ತಿಗೂ ತಿಳಿಯದು.

ಪೆನ್ಸಿಲ್ ಕೊಟ್ಟು ಆ ಎರಡೂ ಚುಕ್ಕಿಗಳನ್ನು ಮತ್ತೆ ಹಾಕಿಸಿದೆ. ಈಗ ಪ್ರಯೋಗಕ್ಕೆ ಮುಂಚೆ ಎಲ್ಲರ ರಬ್ಬರುಗಳನ್ನೂ ನನ್ನ ಮೇಜಿನ ಮೇಲೆ ಇಡಿಸುತ್ತೇನೆ.