ಅಬ್ರಾದಲ್ಲಿ ಸಿಕ್ಕ ಸ್ನೇಹ

ಊರಿನಿಂದ ಯಾರು ದುಬೈಗೆ ಬಂದರೂ ಮೊದಲು ಕೇಳುವುದು ಬುರ್ಜ್ ಖಲೀಫಾ ಎಲ್ಲಿದೆ ಅಂತ. 828 ಮೀಟರ್ ಎತ್ತರದ ಕಟ್ಟಡ, ನೋಡಬೇಕಾದ್ದೇ. ಆದರೆ ಕರಾಮಾದ ನಮ್ಮ ರೂಮಿನವರು ಬಂದವರನ್ನು ಮೊದಲು ಕರೆದುಕೊಂಡು ಹೋಗುವುದು ಕ್ರೀಕಿಗೆ. ಬರ್ಜುಮಾನ್ ಸ್ಟೇಷನ್ನಿನಲ್ಲಿ ಹಸಿರು ಲೈನಿಗೆ ಬದಲಿಸಿ ಅಲ್ ಗುಬೈಬಾದಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಆ ಕಡೆ ದೇರಾ, ಈ ಕಡೆ ಬರ್ ದುಬೈ, ನಡುವೆ ಉಪ್ಪುನೀರು. ಮಕ್ತೂಮ್ ಸೇತುವೆ ಆದದ್ದು 1963ರಲ್ಲಿ. ಅದಕ್ಕೆ ಮೊದಲು ದಾಟಬೇಕೆಂದರೆ ದೋಣಿಯೇ ಗತಿ. ಈಗ ಸೇತುವೆ, ಸುರಂಗ, ಮೆಟ್ರೋ ಎಲ್ಲಾ ಇವೆ, ಆದರೂ ದೋಣಿ ನಿಂತಿಲ್ಲ. ಅದಕ್ಕೆ ಇಲ್ಲಿ ಅಬ್ರಾ ಅಂತಾರೆ. ಚಾರ್ಜು ಒಂದು ದಿರ್ಹಾಂ. ದುಬೈನಲ್ಲಿ ಒಂದು ದಿರ್ಹಾಂಗೆ ಇಷ್ಟು ಗಾಳಿ ಬೇರೆಲ್ಲೂ ಸಿಗುವುದಿಲ್ಲ.

ಅಬ್ರಾದ ನಡುವೆ ಉದ್ದಕ್ಕೂ ಒಂದು ಎತ್ತರದ ಬೆಂಚು. ಜನ ಬೆನ್ನಿಗೆ ಬೆನ್ನು ಕೊಟ್ಟು, ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಎದುರಿಗೆ ಯಾರೂ ಇರುವುದಿಲ್ಲ. ಮಾತಾಡಿದರೆ ಪಕ್ಕದವರ ಜೊತೆ ಮಾತ್ರ. ನಮ್ಮ ಕಥೆ ಶುರುವಾದದ್ದೂ ಹಾಗೆಯೇ.

ನಮ್ಮ ರೂಮಿನಲ್ಲಿ ಮೂವರು. ನಾವು ದಾವಣಗೆರೆಯಲ್ಲಿ ಬಿಕಾಂ ಮುಗಿಸಿ, ಇಲ್ಲಿ ಒಂದು ಟ್ರೇಡಿಂಗ್ ಕಂಪನಿಯ ಲೆಕ್ಕ ಬರೆಯುವವರು. ಇನ್ನೊಬ್ಬರು ಭಟ್ಕಳದವರು, ವಯಸ್ಸಿನಲ್ಲಿ ನಮಗಿಂತ ಹಿರಿಯರು, ಎಲ್ಲರಿಗೂ ಭಾಯ್. ಮೂರನೆಯವನು ಹಾಸನದ ಹುಡುಗ, ಏಸಿ ಟೆಕ್ನಿಷಿಯನ್, ಮೂವತ್ತು ತುಂಬಿಲ್ಲ, ಮದುವೆಯಾಗಿಲ್ಲ. ಮೂವರಲ್ಲಿ ನಿಜವಾದ ಬ್ಯಾಚುಲರ್ ಅವನೊಬ್ಬನೇ. ಆದರೆ ಗಲ್ಫಿನ ಲೆಕ್ಕದಲ್ಲಿ ನಾವೂ ಬ್ಯಾಚುಲರೇ, ನಿಮಗೆ ಗೊತ್ತಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 4000 ದಿರ್ಹಾಂ ಸಂಬಳ, ಇಲ್ಲವೇ 3000 ಮತ್ತು ಇರಲು ಮನೆ ಇದ್ದರೆ ಸಾಕು ಅಂತ 2019ರಲ್ಲೇ ನಿಯಮ ಬಂತು. ಕಾಗದದ ಮೇಲೆ ನಮಗೆ ಅಷ್ಟಿದೆ. ಬಾಡಿಗೆ ಮತ್ತು ಸ್ಕೂಲ್ ಫೀಸು ಬರೆದು ಕೂಡಿಸಿದ ದಿನ ಪುಸ್ತಕ ಮುಚ್ಚಿಟ್ಟೆವು. ಹಾಗಾಗಿ ಹೆಂಡತಿ ದಾವಣಗೆರೆಯಲ್ಲಿ, ನಾವಿಲ್ಲಿ, ನಡುವೆ ಬೋಟಿಮ್.

ಒಂದು ಭಾನುವಾರ, ಅಕ್ಟೋಬರ್ ತಿಂಗಳು, ಸೆಕೆ ಆಗಷ್ಟೇ ಇಳಿದಿತ್ತು. ಅಬ್ರಾದಲ್ಲಿ ಕೂತು ಮೂವರೂ ಅವರೆಕಾಳಿನ ಬಗ್ಗೆ ಜಗಳವಾಡುತ್ತಿದ್ದೆವು. ಅವರೆಕಾಳಿಲ್ಲದ ಉಪ್ಪಿಟ್ಟು ಉಪ್ಪಿಟ್ಟೇ ಅಲ್ಲ ಅಂತ ಹಾಸನದವನ ವಾದ. ಬೆಂಚಿನ ತುದಿಯಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬರು ತಿರುಗಿ, "ನೀವು ಕನ್ನಡದವರಾ?" ಅಂದರು. ಹೌದು ಅಂದೆವು. "ಜಗಳ ನಿಲ್ಲಿಸಬೇಡಿ. ಕನ್ನಡದಲ್ಲಿ ಜಗಳ ಕೇಳಿ ಎಷ್ಟು ತಿಂಗಳಾಯ್ತೋ," ಅಂತ ನಕ್ಕರು.

ತೀರ್ಥಹಳ್ಳಿ ಕಡೆಯವರು. ದೇರಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ಮೂವರು ಮಲಯಾಳಿ ನರ್ಸುಗಳ ಜೊತೆ ಬೆಡ್ ಸ್ಪೇಸ್. ಒಬ್ಬ ಮಗ, ಊರಲ್ಲಿ ಅಜ್ಜಿಯ ಹತ್ತಿರ ಐದನೇ ಕ್ಲಾಸು. ಮಗನ ತಂದೆಯ ಮಾತು ಅವರು ಎತ್ತಲಿಲ್ಲ, ನಾವು ಕೇಳಲಿಲ್ಲ.

ಆಮೇಲೆ ಭಾನುವಾರ ಸಂಜೆ ಅಂದರೆ ನಾಲ್ವರು ಅಂತಾಯಿತು. ಬಟ್ಟೆ ಅಂಗಡಿಗಳ ಹಳೇ ಸೂಕ್ ದಾಟಿ ಅಬ್ರಾ ಹತ್ತುವುದು, ದೇರಾದಲ್ಲಿ ಇಳಿದು ಏಲಕ್ಕಿ, ಕೇಸರಿ, ಒಣನಿಂಬೆ ಘಮಘಮಿಸುವ ಮಸಾಲೆ ಸೂಕಿನಲ್ಲಿ ಒಂದು ಸುತ್ತು ಹಾಕುವುದು, ದಡದಲ್ಲಿ ಸಾಮಾನು ತುಂಬುವ ಧೋ ಹಡಗುಗಳನ್ನು ನೋಡುತ್ತಾ ಕರಕ್ ಚಹಾ ಕುಡಿಯುವುದು. ಫ್ರಿಜ್ಜು, ಟಯರು, ಎಣ್ಣೆ ಡಬ್ಬಿ, ಬಿಸ್ಕತ್ತಿನ ಪೆಟ್ಟಿಗೆ, ಎಲ್ಲಾ ದಡದ ಮೇಲೇ ಬಿದ್ದಿರುತ್ತವೆ, ಯಾರೂ ಕದಿಯುವುದಿಲ್ಲ. ಮಗನಿಗೆ ತೋರಿಸಲಿಕ್ಕೆ ಅಂತ ಅವರು ಹಡಗಿನ ಫೋಟೋ ತೆಗೆದುಕೊಳ್ಳುತ್ತಿದ್ದರು.

ಲೆಕ್ಕದವರಾದ ನಮಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಅಬ್ರಾದ ಒಂದು ದಿರ್ಹಾಂ ಅವರದು ಅವರೇ ಕೊಡುತ್ತಿದ್ದರು. ಈ ವಾರ ಸಮೋಸ ನಾವು ಕೊಡಿಸಿದರೆ ಮುಂದಿನ ವಾರ ಚಕ್ಕುಲಿಯೋ ಕೋಡುಬಳೆಯೋ ಡಬ್ಬಿಯಲ್ಲಿ ಬರುತ್ತಿತ್ತು. ಯಾವ ಬಾಕಿಯನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಅದನ್ನು ನೋಡಿಯೂ ನಾವು ಅರ್ಥ ಮಾಡಿಕೊಳ್ಳಲಿಲ್ಲ.

ಹಾಸನದ ಹುಡುಗ ಬೇರೆಯೇ ಲೆಕ್ಕ ಹಾಕುತ್ತಿದ್ದ. ನಮಗೆ ಅವರು ಸರ್ ಅನ್ನುತ್ತಿದ್ದರು, ಭಟ್ಕಳದವರಿಗೆ ಭಾಯ್. ಅವನನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದರು. ನಮ್ಮ ಊರುಗಳಲ್ಲಿ ಅಣ್ಣ ಅನ್ನುವ ಮಾತು ಒಂದು ಬೇಲಿ ಇದ್ದ ಹಾಗೆ. ಬಸ್ ಕಂಡಕ್ಟರ್ ಅಣ್ಣ, ಜೆರಾಕ್ಸ್ ಅಂಗಡಿ ಅಣ್ಣ, ಕಾಲೇಜಿನ ಸೀನಿಯರ್ ಅಣ್ಣ. ಹುಡುಗಿ ಅಣ್ಣ ಅಂದಳು ಅಂದರೆ ಅಲ್ಲಿಗೆ ಮುಗೀತು. "ನನಗೊಬ್ಬನಿಗೇ ಅಣ್ಣ ಅಂದಿಲ್ಲ ಕಣಣ್ಣ," ಅಂತ ಅವನು ರಾತ್ರಿ ರೂಮಿನಲ್ಲಿ ಹೇಳುವನು. ನಾವು ಏನು ಮಾಡಿದೆವು? ಬುದ್ಧಿ ಹೇಳುವುದು ಬಿಟ್ಟು, "ಹಂಗಾದ್ರೆ ಹೇಳಿಬಿಡೋ, ತಡ ಯಾಕೆ?" ಅಂತ ನಕ್ಕೆವು. ಟೀವಿ ಹಾಕಿದಷ್ಟೇ ಮೋಜು ನಮಗೆ.

ಭಾಯ್ ಮಾತ್ರ ನಗಲಿಲ್ಲ. ಈಗ ಇಲ್ಲಿ ಮದುವೆಯಾಗದೆ ಜೊತೆಯಲ್ಲಿದ್ದರೂ ಕೇಸಿಲ್ಲವಂತೆ, 2020ರಲ್ಲೇ ಕಾನೂನು ಬದಲಾಯಿತಂತೆ ಅಂತ ಹುಡುಗ ಅಂದಾಗ ಅವರು ಹೇಳಿದ್ದು ಇಷ್ಟೇ: "ಕಾನೂನು ಬಿಟ್ಟಿದೆ ಅಂದ್ರೆ ಆ ಹೆಣ್ಣುಮಗಳು ಒಪ್ಪಿದಾಳೆ ಅಂತ ಅಲ್ಲ. ಅವಳನ್ನ ಕೇಳಿದ್ಯಾ?"

ಅವನು ಕೇಳಲಿಲ್ಲ. ಜನವರಿಯ ಒಂದು ಭಾನುವಾರ ಅಬ್ರಾದಲ್ಲಿ ನಾಲ್ವರ ಸೆಲ್ಫಿ ತೆಗೆದು, ಎರಡು ಕೆಂಪು ಹೃದಯ ಅಂಟಿಸಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ರಾತ್ರಿ ಹನ್ನೆರಡಕ್ಕೆ ಅವರಿಗೆ ಉದ್ದದ ಮೆಸೇಜು. ಉತ್ತರ ಬರಲಿಲ್ಲ ಅಂತ ಮತ್ತೊಂದು. ಬೆಳಗ್ಗೆ ಮೂರು ಮಿಸ್ಡ್ ಕಾಲ್.

ಮುಂದಿನ ಭಾನುವಾರ ಅವರು ಬರಲಿಲ್ಲ. ನಮ್ಮ ಫೋನಿಗೆ ಒಂದು ಸಾಲು ಬಂತು: "ಸರ್, ಆ ಫೋಟೋ ತೆಗೆಸಿ. ನಮ್ಮ ಅಮ್ಮನಿಗೆ ಯಾರೋ ತೋರಿಸಿದ್ದಾರೆ."

ಅದೇ ದಿನ ರಾತ್ರಿ ಎಂಟೂವರೆಗೆ, ಊರಲ್ಲಿ ಹತ್ತು ಗಂಟೆ, ನಮ್ಮ ಮನೆಯವರ ಫೋನು. ಹಾಸನದವನು ಹಿಂದಿನ ರಜೆಯಲ್ಲಿ ನಮ್ಮ ಪಾರ್ಸೆಲ್ಲು ದಾವಣಗೆರೆಗೆ ಮುಟ್ಟಿಸಿದ್ದ, ಹಾಗಾಗಿ ಅವನ ನಂಬರ್ ಮನೆಯಲ್ಲಿತ್ತು. ಸ್ಟೇಟಸ್ಸನ್ನು ಅಲ್ಲೂ ನೋಡಿದ್ದರು.

"ರೀ, ಆ ಫೋಟೋದಲ್ಲಿ ನಿಮ್ಮ ಪಕ್ಕ ಕೂತಿರೋರು ಯಾರು?"

"ತೀರ್ಥಹಳ್ಳಿ ಕಡೆಯವರು. ಸುಮ್ಮನೆ ಪರಿಚಯ."

"ಎಷ್ಟು ದಿನದ ಸುಮ್ಮನೆ?"

"ಮೂರು ತಿಂಗಳು."

"ದಿನಾ ಫೋನ್ ಮಾಡಿ ಅಲ್ಲಿನ ಈರುಳ್ಳಿ ರೇಟೂ ಹೇಳ್ತೀರಿ. ಇದೊಂದನ್ನ ಯಾಕೆ ಹೇಳಲಿಲ್ಲ?"

ಉತ್ತರ ಇರಲಿಲ್ಲ. ತಪ್ಪು ಏನೂ ನಡೆದಿರಲಿಲ್ಲ, ದೇವರಾಣೆ. ಆದರೆ ಯಾಕೆ ಹೇಳಲಿಲ್ಲ ಅಂತ ನಮ್ಮನ್ನೇ ಕೇಳಿಕೊಂಡಾಗ ನಾಲಿಗೆ ತಡವರಿಸಿತು. ಭಾನುವಾರಕ್ಕೆ ಇಸ್ತ್ರಿ ಶರ್ಟು ಹಾಕಲು ಶುರು ಮಾಡಿದ್ದೆವು, ಅದು ಮಾತ್ರ ನಿಜ.

ಲೆಕ್ಕದಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ಯಾವ ಖಾತೆಗೆ ಸೇರಬೇಕು ಅಂತ ಗೊತ್ತಾಗದ ಮೊತ್ತವನ್ನು ಸದ್ಯಕ್ಕೆ ಅಲ್ಲಿ ಬರೆಯುತ್ತೇವೆ. ಬರೆಯುವುದು ತಪ್ಪಲ್ಲ. ವರ್ಷದ ಕೊನೆವರೆಗೂ ವಿಚಾರಿಸದೆ ಅಲ್ಲೇ ಬಿಡುವುದು ತಪ್ಪು. ಹುಡುಗ ಕೇಳದೆಯೇ ಅದನ್ನು ಪ್ರೀತಿ ಖಾತೆಗೆ ಬರೆದುಕೊಂಡ. ನಾವು ಯಾವ ಖಾತೆಗೂ ಬರೆಯದೆ, ಮನೆಗೆ ತೋರಿಸುವ ಪುಸ್ತಕದಿಂದಲೇ ಬಿಟ್ಟುಬಿಟ್ಟೆವು. ಇಬ್ಬರದೂ ಸುಳ್ಳು ಲೆಕ್ಕವೇ.

ಆ ರಾತ್ರಿ ಭಾಯ್ ಹುಡುಗನನ್ನು ಕೂರಿಸಿಕೊಂಡು ಮಾತಾಡಿದರು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೋ ಹಂಚುವುದು ಇಲ್ಲಿಯ ಸೈಬರ್ ಕಾನೂನಿನಲ್ಲಿ ಅಪರಾಧ. ಬೇಡ ಅಂದವರ ಬೆನ್ನು ಬಿದ್ದು ಸತಾಯಿಸಿದರೆ ಜೈಲು, ದಂಡ ಎರಡೂ ಇವೆ. ಅವರು ಪೊಲೀಸಿಗೆ ಹೋಗಿದ್ದರೆ ಕೆಲಸ, ವೀಸಾ ಎಲ್ಲದಕ್ಕೂ ಕುತ್ತು. ಇದನ್ನೆಲ್ಲಾ ಹೇಳಿ ಕೊನೆಗೆ, "ಇದು ನಿನ್ನ ಹೆದರಿಸೋಕೆ ಅಲ್ಲ. ಅವಳು ಒಬ್ಬಳೇ ಇದ್ದು ದುಡಿಯೋ ಹೆಣ್ಣುಮಗಳು. ನಿನ್ನ ಎರಡು ಹೃದಯದಿಂದ ಅವಳ ತಾಯಿ ಮುಂದೆ ಅವಳ ತಲೆ ತಗ್ಗಿತು. ಮೊದಲು ಅದನ್ನ ಯೋಚಿಸು," ಅಂದರು. ಫೋಟೋ ಅಳಿಸಿ, ಒಂದೇ ಒಂದು ಕ್ಷಮೆಯ ಮೆಸೇಜು ಕಳಿಸಿ ಸುಮ್ಮನಿರು, ಕ್ಲಿನಿಕ್ಕಿನ ಹತ್ತಿರ ಸುಳಿಯಬೇಡ ಅಂತ ಕಟ್ಟುನಿಟ್ಟು. ಹುಡುಗ ಅತ್ತ. ನಮ್ಮ ಕಡೆ ನೋಡಿ, "ನೀವೂ ಹೇಳಿಬಿಡು ಅಂದ್ರಲ್ಲಣ್ಣ," ಅಂದ. ಹೌದು, ಅಂದಿದ್ದೆವು.

ಆರು ವಾರ ಮೂವರೇ ಅಬ್ರಾ ಹತ್ತಿದೆವು. ಮಾತು ಹೆಚ್ಚಿರಲಿಲ್ಲ. ಏಳನೇ ಭಾನುವಾರ ಹತ್ತುವ ಕಟ್ಟೆಯ ಹತ್ತಿರ ಅವರು ನಿಂತಿದ್ದರು, ಕೈಯಲ್ಲಿ ನಾಣ್ಯ. ಹುಡುಗ ದೂರದಲ್ಲೇ ನಿಂತು, "ತಪ್ಪಾಯ್ತು, ಕ್ಷಮಿಸಿ," ಅಂದ. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿದರು.

"ಊರಲ್ಲಿ ಸಿಕ್ಕಿದೋರಿಗೆಲ್ಲಾ ಅಣ್ಣ ಅಣ್ಣ ಅಂದು ಸಾಕಾಗಿತ್ತು. ಅಣ್ಣ ಅಂದರೆ ಮಾತ್ರ ಮರ್ಯಾದೆ, ಇಲ್ಲದಿದ್ದರೆ ಇಲ್ಲ. ಇಲ್ಲಾದರೂ ಒಬ್ಬರನ್ನ ಹೆಸರು ಹಿಡಿದು ಕರೆಯೋಣ, ಸ್ನೇಹಿತರ ಹಾಗೆ ಇರೋಣ ಅಂದುಕೊಂಡಿದ್ದೆ. ಅದಕ್ಕೂ ಅರ್ಥ ಹಚ್ಚಿದಿರಿ. ನನಗೆ ವಾರಕ್ಕೆ ಎರಡು ಗಂಟೆ ಕನ್ನಡ ಮಾತಾಡೋಕೆ ಜನ ಬೇಕಿತ್ತು. ಅಷ್ಟೇ ಬೇಕಿತ್ತು."

ಯಾರೂ ಮಾತಾಡಲಿಲ್ಲ. ಅಬ್ರಾ ಬಂತು, ಹತ್ತಿದೆವು. ಹುಡುಗ ತಾನಾಗಿಯೇ ಬೆಂಚಿನ ಆ ಕಡೆಗೆ ಹೋಗಿ ಕೂತ. ನಡು ಕ್ರೀಕಿನಲ್ಲಿ ನಾವು ಧೈರ್ಯ ಮಾಡಿ, "ನಮ್ಮ ಮನೆಯವರು ನಿಮ್ಮ ಹತ್ತಿರ ಮಾತಾಡಬೇಕಂತೆ," ಅಂದೆವು. ಅವರು ನಕ್ಕರು, ಆರು ವಾರದ ಮೇಲೆ. ಬೋಟಿಮ್ ಹಚ್ಚಿ ಫೋನು ಕೊಟ್ಟೆವು. ಮೊದಲ ಎರಡು ನಿಮಿಷ ಎರಡೂ ಕಡೆ ಬಿಗಿಯಾಗಿತ್ತು. ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಕೋಡುಬಳೆಯ ಹದ. ದೇರಾದಲ್ಲಿ ಇಳಿದರೂ ಫೋನು ವಾಪಸ್ ಬರಲಿಲ್ಲ. ಈಗ ಅವರಿಬ್ಬರೂ ನಮ್ಮನ್ನು ಕೇಳದೆಯೇ ಮಾತಾಡಿಕೊಳ್ಳುತ್ತಾರೆ. ಹಾಗಂತ ಮನೆಯವರು ಎಲ್ಲಾ ಮರೆತಿದ್ದಾರೆ ಅಂತಲ್ಲ. ಭಾನುವಾರ ಫೋನು ಮಾಡಿದರೆ ಇವತ್ತಿಗೂ ಮೊದಲ ಪ್ರಶ್ನೆ, "ಇಸ್ತ್ರಿ ಶರ್ಟಾ?"

ಇದನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಕೇಳಿದೆವು. "ಹೆಸರು ಬೇಡ, ಊರಿದ್ದರೆ ತೊಂದರೆಯಿಲ್ಲ, ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ," ಅಂದರು. ನಮ್ಮ ಹಾಗೆ ಒಂಟಿ ಇರುವವರು ಇಲ್ಲಿ ಸಾವಿರಾರು ಮಂದಿ. ಕನ್ನಡ ಕೇಳಿದರೆ ಸಾಕು, ಮನಸ್ಸು ಓಡಿಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳಲಿ. ಪ್ರೀತಿಯೇ ಆಗಿದ್ದರೂ ಪಾಪವಲ್ಲ, ಹುಡುಗನಿಗೆ ಮದುವೆ ವಯಸ್ಸು. ಆದರೆ ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಹಗಲು ಹೊತ್ತಿನಲ್ಲಿ, ನೇರವಾಗಿ, ಒಂದು ಸಲ ಕೇಳಬೇಕು. ಇಲ್ಲ ಅಂದರೆ ಅದೇ ಉತ್ತರ ಅಂತ ತಿಳಿಯಬೇಕು. ಮದುವೆಯಾದವರಿಗೆ ಇನ್ನೂ ಸುಲಭ: ಮನೆಗೆ ಹೇಳಲು ಬಾಯಿ ಬರುತ್ತಿಲ್ಲ ಅಂದರೆ, ಅದು ಎಲ್ಲಿಗೆ ಹೊರಟಿದೆ ಅಂತ ನಿಮಗೆ ಗೊತ್ತು ಅಂತಲೇ ಅರ್ಥ.

ಮುಂದಿನ ಭಾನುವಾರ ಬಿಡುವಿದ್ದರೆ ಸಂಜೆ ಐದರ ಮೇಲೆ ಅಬ್ರಾ ಕಟ್ಟೆಗೆ ಬನ್ನಿ. ಅವರೆಕಾಳಿನ ಜಗಳ ಇನ್ನೂ ತೀರ್ಮಾನವಾಗಿಲ್ಲ. ದೋಣಿಯ ದಿರ್ಹಾಂ ಮಾತ್ರ ಅವರವರೇ ತರಬೇಕು.