ಪಕ್ಕದ ಸೀಟಿನಲ್ಲಿ ಅಪ್ಪ

ಮೊದಲನೇ ದಿನವೇ ಗಾಡಿಗೆ ಗೀರು ಬಿತ್ತು.

ಲಾಸ್ ವೇಗಸ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡ 25 ಅಡಿ ಉದ್ದದ ಆರ್‌ವಿ ಅದು. ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಬೆನ್ನ ಮೇಲೆ ಹೊತ್ತುಕೊಂಡು ಓಡುವ ಮನೆ. ಎರಡು ಗಂಟೆ ಓಡಿಸಿ, ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಊರಿನಲ್ಲಿ ಪೆಟ್ರೋಲ್ ಹಾಕಿಸಿ, ಬಲಕ್ಕೆ ತಿರುಗಿಸಿ ಹೊರಟೆ ನೋಡಿ, ಹಿಂದಿನಿಂದ 'ಕರ್ರ್' ಅಂತ ಸದ್ದು. ಇಳಿದು ನೋಡಿದರೆ ಗಾಡಿಯ ಹಿಂದಿನ ಎಡಮೂಲೆ ಪಂಪಿನ ಪಕ್ಕದ ಹಳದಿ ಕಂಬಕ್ಕೆ ಉಜ್ಜಿ, ಒಂದು ಮೊಳ ಉದ್ದಕ್ಕೆ ಗೀರು.

ಪಕ್ಕದ ಸೀಟಿನಲ್ಲಿದ್ದ ಅಪ್ಪ ನಿಧಾನಕ್ಕೆ ಇಳಿದು ಬಂದು ಗೀರಿನ ಮೇಲೆ ಬೆರಳಾಡಿಸಿದರು. "ಉದ್ದದ ಗಾಡಿ ಬಾಲ ಬೀಸತ್ತೆ ಪುಟ್ಟಿ. ಮೂತಿ ಬಲಕ್ಕೆ ಹೋದ್ರೆ ಬಾಲ ಎಡಕ್ಕೆ ಹೋಗತ್ತೆ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಸ್ಟೇರಿಂಗ್ ಹಿಡಿದಿರೋರಿಗೆ ಪಕ್ಕದಲ್ಲಿ ಕೂತೋರು ಹೇಳಬಾರದು."

ಅಪ್ಪ 31 ವರ್ಷ ಕೆಂಪು ಬಸ್ ಓಡಿಸಿದವರು. ಹೆಚ್ಚಿನ ಕಾಲ ಚಿಕ್ಕಮಗಳೂರಿನಿಂದ ಮಂಗಳೂರಿಗೆ, ಚಾರ್ಮಾಡಿ ಘಾಟಿ ಇಳಿದು, ಹತ್ತಿ. ಮಳೆಗಾಲದ ಮಂಜಿನಲ್ಲಿ ಆ ತಿರುವುಗಳನ್ನು ನೋಡಿದವರಿಗೆ ಗೊತ್ತು, ಅದೇನು ಸುಲಭದ ಕೆಲಸವಲ್ಲ. ತಮ್ಮನಿಗೆ ಕಾಲು ಕ್ಲಚ್ಚಿಗೆ ಎಟುಕುವ ಮೊದಲೇ ಪಕ್ಕದ ಮನೆಯವರ ಜೀಪಿನಲ್ಲಿ ಕೂರಿಸಿಕೊಂಡು ಭಾನುವಾರ ಭಾನುವಾರ ಮೈದಾನದಲ್ಲಿ ಓಡಿಸಲು ಕಲಿಸಿದರು. ನನಗೆ ಕಲಿಸಲಿಲ್ಲ. ಪಿಯುಸಿಯಲ್ಲಿ ಸ್ಕೂಟಿ ಕೇಳಿದಾಗ "ನಿನಗ್ಯಾಕೆ ಅದೆಲ್ಲ, ಬಸ್ ಇದೆಯಲ್ಲ" ಅಂದರು. ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಕೊನೆಗೆ ನಾನು ಡ್ರೈವಿಂಗ್ ಕಲಿತದ್ದು 27ನೇ ವಯಸ್ಸಿನಲ್ಲಿ, ಡಲ್ಲಾಸ್‌ನಲ್ಲಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು. ಮೊದಲ ಸಲ ಫೇಲ್ ಕೂಡ ಆದೆ.

ಈ ಪ್ರವಾಸದಲ್ಲೂ ನಾನು ಡ್ರೈವರ್ ಆಗಬೇಕಿರಲಿಲ್ಲ. ನ್ಯಾಷನಲ್ ಪಾರ್ಕುಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜಾಗ ಸಿಗಬೇಕಾದರೆ ಆರು ತಿಂಗಳು ಮೊದಲೇ ಬುಕ್ ಮಾಡಬೇಕು. ಮಾಡಿದ್ದು ನನ್ನ ಗಂಡ, ಓಡಿಸಬೇಕಿದ್ದದ್ದೂ ಅವನೇ. ಹೊರಡಲು ಎರಡು ವಾರ ಇದೆ ಎನ್ನುವಾಗ ಬ್ಯಾಡ್ಮಿಂಟನ್ ಆಡಲು ಹೋಗಿ ಬಲಗೈ ಮಣಿಕಟ್ಟು ಮುರಿದುಕೊಂಡ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಅಪ್ಪ ಬೇರೆ ಮೊದಲ ಬಾರಿಗೆ ಅಮೆರಿಕಕ್ಕೆ ಬಂದಿದ್ದರು. ಅಮ್ಮ ನನ್ನ ಬಾಣಂತನಕ್ಕೆ ಬಂದುಹೋದ ಮೇಲೆ "ಇನ್ನು ಈ ಜನ್ಮದಲ್ಲಿ ವಿಮಾನ ಹತ್ತಲ್ಲ" ಅಂತ ಘೋಷಿಸಿಬಿಟ್ಟಿದ್ದಾರೆ. ಡ್ರೈವರ್ ಹೆಂಡತಿ, ಮೂಡಿಗೆರೆ ದಾಟುವುದರೊಳಗೆ ವಾಂತಿ ಮಾಡಿಕೊಳ್ಳುವವರು. ಆರ್‌ವಿ ಓಡಿಸಲು ಮಾಮೂಲಿ ಕಾರಿನ ಲೈಸೆನ್ಸೇ ಸಾಕು ಅಂತ ಗೊತ್ತಾದ ಮೇಲೆ ನನಗೆ ನೆಪ ಹೇಳಲು ಏನೂ ಉಳಿಯಲಿಲ್ಲ.

ಒಂಬತ್ತು ವರ್ಷದ ಮಗ ಮತ್ತು ಪ್ಲಾಸ್ಟರ್ ಹಾಕಿದ ಗಂಡ ಹಿಂದೆ ಊಟದ ಮೇಜಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂತರು. ಅಪ್ಪ ಮುಂದೆ. ದಾರಿಯುದ್ದಕ್ಕೂ ಅವರು ಬಾಯಿ ಬಿಟ್ಟದ್ದು ಒಂದೇ ಸಲ. "ಎಷ್ಟು ಕೊಡತ್ತೆ ಇದು?"

"ಲೀಟರಿಗೆ ಮೂರೂವರೆ, ನಾಲ್ಕು ಕಿಲೋಮೀಟರ್."

"ಅಯ್ಯೋ, ನಮ್ಮ ಬಸ್ಸೇ ಐದರ ಹತ್ತಿರ ಕೊಡ್ತಿತ್ತು!"

ಬಾಯಿ ಸುಮ್ಮನಿದ್ದರೂ ಕಾಲು ಸುಮ್ಮನಿರಲಿಲ್ಲ. ಮುಂದಿನ ಗಾಡಿಯ ಕೆಂಪು ದೀಪ ಹೊತ್ತಿದಾಗಲೆಲ್ಲ ಅವರ ಬಲಗಾಲು ಮ್ಯಾಟಿನ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಒತ್ತುವುದಕ್ಕೆ ಒಂದು ಕ್ಷಣ ಮೊದಲು, ಪ್ರತಿ ಸಲ.

ಜಯಾನ್ ಪಾರ್ಕಿನಲ್ಲಿ ಎರಡು ರಾತ್ರಿ. ಗಾಡಿಯನ್ನು ನಮ್ಮ ಜಾಗಕ್ಕೆ ರಿವರ್ಸ್ ಹಾಕುವುದು ಮೊದಲ ಪರೀಕ್ಷೆ. ಗಂಡ ಒಂದೇ ಕೈಯಲ್ಲಿ ಏನೇನೋ ಸನ್ನೆ ಮಾಡಿದ, ಮಗ ಕಿರುಚಿದ, ಪಕ್ಕದ ಟೆಂಟಿನವರು ಕುರ್ಚಿ ತಿರುಗಿಸಿಕೊಂಡು ನೋಡತೊಡಗಿದರು. ಅಪ್ಪ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಹಿಂದೆ ಹೋಗಿ ನಿಂತರು. ಗಾಡಿಯ ಮೈಗೆ ಅಂಗೈಯಿಂದ ದಬ್ ದಬ್ ಅಂತ ತಟ್ಟುತ್ತಾ, "ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!" ಜೀವನವಿಡೀ ಬೇರೆಯವರಿಂದ ಕೇಳಿದ್ದನ್ನು ಅವತ್ತು ಅವರೇ ಕೂಗಿದ್ದು. ಒಂದೇ ಸಲಕ್ಕೆ ಗಾಡಿ ಕೂತಿತು.

ಮರುದಿನ ನ್ಯಾರೋಸ್‌ಗೆ ಹೋದೆವು. ಅಲ್ಲಿ ದಾರಿ ಅಂದರೆ ನದಿಯೇ. ಎರಡೂ ಕಡೆ ಕೆಂಪು ಬಂಡೆಯ ಗೋಡೆಗಳು, ಕೆಲವು ಕಡೆ ಸಾವಿರ ಅಡಿ ಎತ್ತರ. ನಡುವೆ ವರ್ಜಿನ್ ನದಿ, ನೀವು ಅದರೊಳಗೇ ನಡೆಯಬೇಕು. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ದಿಢೀರ್ ಪ್ರವಾಹ ಬರಬಹುದು, ಹಾಗಾಗಿ ಅವತ್ತಿನ ಮುನ್ಸೂಚನೆ ನೋಡದೆ ಇಳಿಯುವಂತಿಲ್ಲ. ಪಾರ್ಕಿನ ಹೊರಗೆ ಸ್ಪ್ರಿಂಗ್‌ಡೇಲ್‌ನಲ್ಲಿ ಅದಕ್ಕೆಂದೇ ಬೂಟು, ದಪ್ಪ ಕಾಲುಚೀಲ, ಮರದ ಕೋಲು ಬಾಡಿಗೆಗೆ ಸಿಗುತ್ತವೆ. ಬಾಡಿಗೆ ಕೋಲು ಅಂದಾಗ ಅಪ್ಪ ನಕ್ಕರು. ಆದರೆ ನೀರಿಗಿಳಿದ ಮೇಲೆ ಮೊಮ್ಮಗನಿಗೆ "ಮೊದಲು ಕೋಲು ಊರು, ಆಮೇಲೆ ಕಾಲು" ಅಂತ ಹೇಳಿಕೊಡುತ್ತಾ, ಅವನ ಕೈ ಬಿಡದೆ ಅರ್ಧ ಮೈಲಿ ನಡೆದರು. ಅಕ್ಟೋಬರಿನ ನೀರು, ಮಂಡಿಯವರೆಗೆ ಮರಗಟ್ಟುತ್ತಿತ್ತು. 67 ವರ್ಷದವರು ನನಗಿಂತ ಕಡಿಮೆ ಸಲ ಜಾರಿದರು.

ಜಯಾನ್‌ನಿಂದ ಪೂರ್ವಕ್ಕೆ ಹೊರಡುವ ರಸ್ತೆ ಹೇರ್‌ಪಿನ್ ತಿರುವುಗಳಲ್ಲಿ ಹತ್ತಿ, ಬೆಟ್ಟದೊಳಗೆ 1930ರಲ್ಲಿ ಕೊರೆದು ಮುಗಿಸಿದ ಸುರಂಗಕ್ಕೆ ಸೇರುತ್ತದೆ. ಉದ್ದ 1.1 ಮೈಲಿ. ಆ ಕಾಲದ ಸಣ್ಣ ಕಾರುಗಳಿಗೆ ಮಾಡಿದ್ದು. ನಮ್ಮಂಥ ಗಾಡಿ ತನ್ನ ಲೇನಿನಲ್ಲಿ ಹೋದರೆ ಮೇಲಿನ ಕಮಾನು ತಲೆಗೆ ತಾಗುತ್ತದೆ. ಅದಕ್ಕೆ 15 ಡಾಲರ್ ಕಟ್ಟಿದರೆ ರೇಂಜರ್‌ಗಳು ಎದುರಿನ ವಾಹನಗಳನ್ನೆಲ್ಲ ತಡೆದು ನಿಲ್ಲಿಸಿ, ನಮ್ಮನ್ನು ರಸ್ತೆಯ ಮಧ್ಯದಲ್ಲೇ ಬಿಡುತ್ತಿದ್ದರು. ಆಚೆ ಕಡೆ ಸಾಲಾಗಿ ನಿಂತ ಕಾರುಗಳನ್ನು ನೋಡಿ ಅಪ್ಪನಿಗೆ ಖುಷಿಯೋ ಖುಷಿ. "ಮಿನಿಸ್ಟರ್ ಬಂದ್ರೂ ಚಾರ್ಮಾಡಿಲಿ ನಮಗೆ ಹೀಗೆ ದಾರಿ ಬಿಡ್ತಿರಲಿಲ್ಲ" ಅಂದರು. ಮಿನಿಸ್ಟರ್ ಬಂದರೆ ಬಸ್ಸಿಗೆ ಯಾಕೆ ದಾರಿ ಬಿಡುತ್ತಾರೋ, ನಾನು ಕೇಳಲಿಲ್ಲ.

ಮುಂದಿನದು ಬ್ರೈಸ್ ಕ್ಯಾನ್ಯನ್. ಎಂಟು ಸಾವಿರ ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಬಂಡೆಯ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಹೀಗೇ ಒಡೆದು ಒಡೆದು ಸಾವಿರಾರು ಕೆಂಪು ಕಂಬಗಳು ನಿಂತಿವೆ. ಹಗಲು ಆ ಕಂಬಗಳ ನಡುವೆ ಇಳಿದು ಹತ್ತಿದೆವು. ರಾತ್ರಿ ಆ ಚಳಿಯೇ ನಮ್ಮ ಗಾಡಿಗೂ ಬಂತು. ಅಲ್ಲಿನ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಲ್ಲಿ. ಈ ಸಣ್ಣ ವಿಷಯ ನಾವು ಯೋಚಿಸಿರಲಿಲ್ಲ. ಸಂಜೆಯೆಲ್ಲ ದೀಪ ಉರಿಸಿ, ಫೋನುಗಳನ್ನು ಚಾರ್ಜಿಗೆ ಹಾಕಿ, ಬೆಳಗಿನ ಜಾವ ಮೂರಕ್ಕೆ ಬ್ಯಾಟರಿ ಸತ್ತಿತು. ಜನರೇಟರ್ ಹಾಕೋಣವೆಂದರೆ ರಾತ್ರಿ ಹಾಕುವಂತಿಲ್ಲ.

ಗಂಡ, ಮಗ ಇದ್ದಬದ್ದ ರಗ್ಗುಗಳೊಳಗೆ ಸೇರಿಕೊಂಡರು. ನನಗೆ ನಿದ್ದೆ ಹೋಗಿತ್ತು. ನೋಡಿದರೆ ಅಪ್ಪ ಸ್ವೆಟರ್ ಮೇಲೆ ಶಾಲು ಹೊದ್ದು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಆ ಸೀಟಿನಲ್ಲಿ ಅವರನ್ನು ನಾನು ಅವತ್ತೇ ನೋಡಿದ್ದು. ಒಲೆಗೆ ಕರೆಂಟ್ ಬೇಕಿಲ್ಲವಲ್ಲ, ಮೇಲಿನ ಗಾಳಿಕಿಂಡಿ ತೆಗೆದು ಲೈಟರಿನಿಂದ ಹಚ್ಚಿ, ಅವರೇ ಊರಿಂದ ತಂದ ಪುಡಿಯಲ್ಲಿ ಕಾಫಿ ಮಾಡಿ, ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ಗಾಜಿನ ತುಂಬ ನಕ್ಷತ್ರ.

"ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗ ನಾನು ಮೂರು ತಿಂಗಳು ಮನೇಲಿದ್ದೆ, ನೆನಪಿದೆಯಾ?" ಅಂದರು.

"ಕಾಲು ನೋವು ಅಂತ ರಜೆ ಹಾಕಿದ್ರಿ."

"ಕಾಲು ನೋವಲ್ಲ."

ಒದ್ದೆ ರಸ್ತೆ, ತಿರುವು, ಎದುರಿನಿಂದ ಮೊಪೆಡ್‌ನಲ್ಲಿ ಬಂದ ಕಾಲೇಜು ಹುಡುಗಿ. ಜಾರಿ ಬಂದು ಬಸ್ಸಿನ ಕೆಳಗೆ ಬಿದ್ದಳಂತೆ. ಆಸ್ಪತ್ರೆ ತಲುಪಲಿಲ್ಲ. ಅಪ್ಪನನ್ನು ಸಸ್ಪೆಂಡ್ ಮಾಡಿ ವಿಚಾರಣೆ ನಡೆಸಿದರು. "ತಪ್ಪು ನನ್ನದಲ್ಲ ಅಂತ ಕಾಗದ ಕೊಟ್ರು. ಬೀರುವಿನಲ್ಲಿದೆ ಇನ್ನೂ. ಅವಳ ಚಪ್ಪಲಿ ಒಂದು ಮುಂದಿನ ಚಕ್ರದ ಹತ್ತಿರ ಬಿದ್ದಿತ್ತು. ನೀನೂ ಅಂಥದ್ದೇ ಹಾಕ್ಕೊಳ್ತಿದ್ದೆ. ಅದಾಗಿ ಎರಡು ವರ್ಷಕ್ಕೆ ನೀನು ಬಂದು ಸ್ಕೂಟಿ ಬೇಕು ಅಂತ ನಿಂತೆ."

ಕಾಫಿ ಆರಿತು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಿಜ ಹೇಳಬೇಕೆಂದರೆ ಕರಗಿಹೋಗಲಿಲ್ಲ ಕೂಡ. ಸ್ವಲ್ಪ ಹೊತ್ತಿನ ಮೇಲೆ ಕೇಳಿಯೇಬಿಟ್ಟೆ: "ಹಾಗಾದ್ರೆ ತಮ್ಮನಿಗೆ? ಅವನಿಗೆ ಕಲಿಸುವಾಗ ಭಯ ಆಗಲಿಲ್ವಾ?"

ಅಪ್ಪ ತುಂಬ ಹೊತ್ತು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಅವನು ನಾನು ಕಲಿಸದಿದ್ರೂ ಓಡಿಸ್ತಿದ್ದ. ನೀನು ಬೇಡ ಅಂದ್ರೆ ಕೇಳ್ತಿದ್ದೆ" ಅಂದರು. ಅದು ಉತ್ತರವೇ ಅಲ್ಲ ಅಂತ ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಬೆಳಕು ಹರಿಯುವವರೆಗೆ ಇಬ್ಬರೂ ಅಲ್ಲೇ ಇದ್ದೆವು, ಮತ್ತೆ ಮಾತಾಡಲಿಲ್ಲ.

ಅಲ್ಲಿಂದ ಹೆದ್ದಾರಿ 12. ಎಸ್ಕಲಾಂಟೆ ದಾಟಿದ ಮೇಲೆ ಹಾಗ್‌ಬ್ಯಾಕ್ ಎಂಬ ಜಾಗ ಬರುತ್ತದೆ. ಬೆಟ್ಟದ ಬೆನ್ನುಮೂಳೆಯ ಮೇಲೆ ಎಳೆದ ಎರಡು ಲೇನಿನ ರಸ್ತೆ. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ, ತಡೆಗೋಡೆ ಇಲ್ಲ. ಇದನ್ನು ಮೊದಲೇ ವಿಡಿಯೋದಲ್ಲಿ ನೋಡಿಕೊಂಡಿದ್ದೆ, ನೋಡಬಾರದಿತ್ತು. ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಹಿಂದೆ ಗಂಡ ಮಗನಿಗೆ ಕಿಟಕಿಯ ಪರದೆ ಎಳೆಯಲು ಹೇಳಿದ. ಅಪ್ಪ ಜೇಬಿನಿಂದ ಒಂದು ನಾಣ್ಯ ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಚಾರ್ಮಾಡಿ ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಬಸ್ ನಿಧಾನ ಮಾಡಿ ಕಾಣಿಕೆ ಹಾಕುತ್ತಿದ್ದ ಕೈ ಅದು. ಅಲ್ಲಿಗೆ ಸಲ್ಲಬೇಕಾದ ಕಾಣಿಕೆ ಯೂಟಾದಿಂದ, ಅದೂ ಅಮೆರಿಕದ ನಾಣ್ಯದಲ್ಲಿ.

ಹಾಗ್‌ಬ್ಯಾಕ್ ದಾಟಿಬಿಟ್ಟೆ. ಕಷ್ಟ ಬಂದದ್ದು ಆಮೇಲೆ. ರಸ್ತೆ ಬೌಲ್ಡರ್ ಮೌಂಟನ್ ಮೇಲೆ 9,600 ಅಡಿಯವರೆಗೆ ಹತ್ತಿ, ಹಳದಿ ಆಸ್ಪೆನ್ ಮರಗಳ ನಡುವೆ ಟೋರಿ ಕಡೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಗಾಡಿ ತಾನಾಗಿ ವೇಗ ಹಿಡಿಯಿತು, ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲೇ ಇಲ್ಲ. ಎರಡನೇ ತಿರುವಿಗೆ ಸುಟ್ಟ ರಬ್ಬರಿನಂಥ ವಾಸನೆ. ಬ್ರೇಕ್ ಪೆಡಲ್ ಮೆತ್ತಗಾದಂತೆ ಅನ್ನಿಸಿತು.

"ಬ್ರೇಕ್ ಬಿಡು ಪುಟ್ಟಿ."

"ಬಿಟ್ರೆ ಓಡತ್ತೆ ಅಪ್ಪ!"

"ಗೇರ್ ಇಳಿಸು. ಹತ್ತೋ ಗೇರಲ್ಲೇ ಇಳೀಬೇಕು. ಇದರಲ್ಲಿ ಗೇರ್ ಎಲ್ಲಿದೆ?"

ಅದು ಆಟೋಮ್ಯಾಟಿಕ್. ಗಂಡ ಹಿಂದಿನಿಂದ "ಲಿವರ್ ತುದಿಯಲ್ಲಿ ಟೋ-ಹಾಲ್ ಅಂತ ಬಟನ್ ಇದೆ" ಅಂತ ಕೂಗಿದ. ಒತ್ತಿ, ಲಿವರನ್ನು ಕೆಳಗಿನ ಗೇರಿಗೆ ಎಳೆದೆ. ಇಂಜಿನ್ ಜೋರಾಗಿ ಗೋಳಾಡಿತು. "ಅರಚಲಿ ಬಿಡು. ಈಗ ಇಂಜಿನ್ನೇ ಹಿಡ್ಕೊಳ್ಳತ್ತೆ. ತಿರುವಿಗೆ ಮೊದಲು ಒಂದ್ಸಲ ಗಟ್ಟಿಯಾಗಿ ಒತ್ತು, ಪೂರ್ತಿ ಬಿಡು. ಮತ್ತೆ ಒತ್ತು, ಬಿಡು. ಸವರಿಕೊಂಡೇ ಇರಬೇಡ." ಪಕ್ಕಕ್ಕೆ ನಿಲ್ಲಿಸುವ ಜಾಗ ಬಂದಾಗ ನಿಲ್ಲಿಸಿ, ಬ್ರೇಕ್ ಆರುವವರೆಗೆ ಕಾಯಿಸಿದರು. ಮತ್ತೆ ಹೊರಟೆವು. ಒತ್ತು, ಬಿಡು, ಒತ್ತು, ಬಿಡು. ಟೋರಿ ತಲುಪುವವರೆಗೆ ಅಷ್ಟನ್ನೇ ಹೇಳುತ್ತಿದ್ದರು. ಕೆಳಗೆ ಬಂದ ಮೇಲೆ ಗಮನಿಸಿದೆ, ಅವರ ಬಲಗಾಲು ಮಡಚಿಕೊಂಡು ಸೀಟಿನ ಮೇಲಿತ್ತು. ಯಾವಾಗ ಎತ್ತಿಟ್ಟುಕೊಂಡರೋ ಗೊತ್ತಿಲ್ಲ.

ಕ್ಯಾಪಿಟಲ್ ರೀಫ್ ಪಾರ್ಕಿನೊಳಗೆ ಫ್ರೂಟಾ ಎಂಬಲ್ಲಿ ಹಳೆಯ ಕಾಲದ ಹಣ್ಣಿನ ತೋಟಗಳಿವೆ. ಕಾಲಕ್ಕೆ ಸರಿಯಾಗಿ ಹೋದರೆ ನಾವೇ ಸೇಬು ಕಿತ್ತು, ತೂಗಿ, ಡಬ್ಬಿಗೆ ದುಡ್ಡು ಹಾಕಬೇಕು. ಕಾಯುವವರಿಲ್ಲ. ತೋಟದಲ್ಲೇ ತಿಂದರೆ ದುಡ್ಡಿಲ್ಲ ಅಂತ ತಿಳಿದ ಅಪ್ಪ ನಾಲ್ಕು ತಿಂದು, ಸುಮ್ಮನೆ ಹೋಗಲು ಮನಸ್ಸಾಗದೆ ಮೂರು ಕೆಜಿ ಕೊಂಡರು. ಟ್ಯಾಂಕ್ ಖಾಲಿ ಮಾಡುವ ಕೆಲಸವನ್ನೂ ಅಲ್ಲಿ ಅವರೇ ವಹಿಸಿಕೊಂಡರು. ಮೊದಲು ಕಕ್ಕಸಿನದು, ಆಮೇಲೆ ಸ್ನಾನದ ನೀರು. ಹಾಗೆ ಬಿಟ್ಟರೆ ಪೈಪು ತಾನೇ ತೊಳೆದುಹೋಗುತ್ತದೆ. ನಾನೂ ಗಂಡನೂ ಗ್ಲೌಸ್ ಹಾಕಿಕೊಂಡು ದೂರ ನಿಂತಿದ್ದೆವು.

ವೇಗಸ್‌ಗೆ ವಾಪಸಾದಾಗ ಬಾಡಿಗೆ ಕಚೇರಿಯವನು ಗೀರನ್ನು ಮೊದಲೇ ಕಂಡುಹಿಡಿದ. 600 ಡಾಲರ್. ಅಪ್ಪ ರೂಪಾಯಿಗೆ ಎಷ್ಟು ಅಂತ ಕೇಳಿದರು, ಹೇಳಿದೆ, ವಿಮಾನ ನಿಲ್ದಾಣದವರೆಗೆ ಮಾತೇ ಇಲ್ಲ.

ಅಲ್ಲಿ ಗೇಟಿನ ಹತ್ತಿರ ಕೂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಅಮ್ಮ ಕೇಳಿದ್ದು ಒಂದೇ ಮಾತು, ಮಗಳು ಹೇಗೆ ಓಡಿಸಿದಳು ಅಂತ. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು.

"ಗಾಡಿ ಉದ್ದ ಇತ್ತು," ಅಂದರು. "ಬ್ರೇಕ್ ಸ್ವಲ್ಪ ಜಾಸ್ತಿ ಹಾಕ್ತಾಳೆ."